ಆನ್‌ಲೈನ್ ಕ್ಲಾಸಿನ ಗ್ರೂಪ್ ಪ್ರೆಸೆಂಟೇಶನ್‌ಗೆ ಹೆದರಿಕೆಯೇ? ಹೀಗೆ ತಯಾರಾಗಿ

ಹೆದರಿಕೆ ಪೂರ್ತಿ ಹೋದ ಮೇಲೆ ಮಾತಾಡುತ್ತೇನೆ ಅಂತ ಕಾದರೆ ಸೆಮಿಸ್ಟರ್ ಮುಗಿಯುತ್ತದೆ, ಹೆದರಿಕೆ ಮುಗಿಯುವುದಿಲ್ಲ. ಹಾಗಾಗಿ ಹೆದರಿಕೆ ಓಡಿಸುವ ಮಂತ್ರವನ್ನು ಇಲ್ಲಿ ಹುಡುಕಬೇಡಿ. ಎದೆ ಡವಡವ ಅನ್ನುತ್ತಿದ್ದರೂ ನಿಮ್ಮ ಪಾಲಿನ ಮೂರು ನಿಮಿಷದ ಮಾತು ನಿಲ್ಲದೆ ಸಾಗಬೇಕು. ಅದಕ್ಕೆ ಮೊದಲೇ ಏನೇನು ಏರ್ಪಾಡು ಮಾಡಿಕೊಳ್ಳಬಹುದು ಅಂತ ಹೇಳುತ್ತೇನೆ. ಗುಂಪಿನಲ್ಲಿ ಮಾತಾಡುವಾಗ ಒಂದು ದೊಡ್ಡ ಅನುಕೂಲ ಇದೆ. ನಿಮ್ಮ ಜೊತೆ ಇನ್ನೂ ಮೂರು ಜನ ಇರುತ್ತಾರೆ. ಆದರೆ ಬಹಳ ಗುಂಪುಗಳು ಸ್ಲೈಡ್ ಹಂಚಿಕೊಂಡು, ಭಯವನ್ನು ಮಾತ್ರ ಒಬ್ಬೊಬ್ಬರೇ ಅನುಭವಿಸುತ್ತವೆ.

ನಮ್ಮ ಮಲೆನಾಡಿನ ಕಡೆಯವರಿಗೆ ಇದರ ಮೇಲೆ ಇನ್ನೆರಡು ಕಾಟ. ಒಂದು ಕರೆಂಟು, ಇನ್ನೊಂದು ನೆಟ್‌ವರ್ಕ್. 2020ರಲ್ಲಿ ಕ್ಲಾಸುಗಳು ಮೊಬೈಲಿಗೆ ಬಂದಾಗ ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿಗಳ ಮಕ್ಕಳು ಗುಡ್ಡ ಹತ್ತಿ ಸಿಗ್ನಲ್ ಹುಡುಕಿದ್ದು ಎಲ್ಲರಿಗೂ ನೆನಪಿದೆ. ಈಗ ಎಷ್ಟೋ ವಾಸಿ. ಆದರೂ ಜುಲೈ ಮಳೆಯಲ್ಲಿ ಒಂದು ಕೊಂಬೆ ಲೈನಿನ ಮೇಲೆ ಬಿದ್ದರೆ ಮುಗಿಯಿತು. "ನಾನು ಮಾತಾಡುವಾಗಲೇ ಕಟ್ ಆದರೆ?" ಅನ್ನುವ ಹೆದರಿಕೆ ಮಲೆನಾಡಿನಲ್ಲಿ ಸುಳ್ಳು ಹೆದರಿಕೆಯೇನೂ ಅಲ್ಲ.

ಮೊದಲು ಹೆದರಿಕೆಯನ್ನು ಬಿಡಿಸಿ ನೋಡಿ

ಒಂದು ಹಾಳೆ ತಗೊಳ್ಳಿ. "ನನಗೆ ಪ್ರೆಸೆಂಟೇಶನ್ ಅಂದರೆ ಭಯ" ಅಂತ ಬರೆಯಬೇಡಿ, ಅದರಿಂದ ಏನೂ ಗೊತ್ತಾಗುವುದಿಲ್ಲ. ನಿಜವಾಗಿ ಏನಾಗಿಬಿಡುತ್ತದೆ ಅಂತ ಭಯ, ಅದನ್ನು ಬರೆಯಿರಿ. ಮಾತು ಮರೆತುಹೋದರೆ? ಮೇಡಂ ಪ್ರಶ್ನೆ ಕೇಳಿದರೆ? ಇಂಗ್ಲಿಷ್ ತಪ್ಪಾದರೆ? ಹಿಂದಿನಿಂದ ಅಜ್ಜಿ ಕೂಗಿದರೆ? ನನ್ನ ಮುಖ ಅಷ್ಟು ದೊಡ್ಡದಾಗಿ ಕಂಡರೆ? ನೆಟ್ ಹೋದರೆ?

ಬರೆದ ಮೇಲೆ ನೋಡಿ. ಅರ್ಧಕ್ಕರ್ಧ ಏರ್ಪಾಡಿನಿಂದಲೇ ಸರಿಹೋಗುವಂಥವು. ಅಜ್ಜಿಗೆ ಮೊದಲೇ ಹೇಳಬಹುದು. ನೆಟ್ ಹೋದರೆ ಯಾರು ಮುಂದುವರಿಸಬೇಕು ಅಂತ ತೀರ್ಮಾನ ಮಾಡಬಹುದು. ಇಂಗ್ಲಿಷ್ ವಿಷಯವನ್ನು ಟೀಚರ್ ಹತ್ತಿರವೇ ಕೇಳಬಹುದು: "ಮೇಡಂ, ವಿವರಣೆ ಕನ್ನಡದಲ್ಲಿ ಕೊಟ್ಟರೆ ಆಗುತ್ತದೆಯಾ? ಸ್ಲೈಡ್ ಇಂಗ್ಲಿಷಿನಲ್ಲೇ ಇರುತ್ತದೆ." ಕೇಳದೆ ಒಳಗೊಳಗೇ ಹೆದರುವವರು ಜಾಸ್ತಿ. ಕೇಳಿದರೆ ಒಪ್ಪುವ ಟೀಚರ್‌ಗಳೂ ಇದ್ದಾರೆ.

ಉಳಿದದ್ದು ಮೈಯ ಕೆಲಸ. ಭಯವಾದಾಗ ಮೈಯಲ್ಲಿ ಅಡ್ರಿನಲಿನ್ ಹೆಚ್ಚುತ್ತದೆ. ಎದೆಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ, ಉಸಿರು ಮೇಲುಮೇಲಕ್ಕೇ ಓಡುತ್ತದೆ. ಹೋರಾಡು ಇಲ್ಲವೇ ಓಡು ಅಂತ ಮೈ ಮಾಡಿಕೊಳ್ಳುವ ತಯಾರಿ ಇದು. ಲ್ಯಾಪ್‌ಟಾಪ್ ಮುಂದೆ ಕೂತವನಿಗೆ ಓಡಲಿಕ್ಕೂ ಇಲ್ಲ, ಹೋರಾಡಲಿಕ್ಕೂ ಇಲ್ಲ. ಆ ಶಕ್ತಿಯೆಲ್ಲ ನಡುಕವಾಗಿ ಹೊರಗೆ ಬರುತ್ತದೆ. ಇದು ನಿಮ್ಮೊಬ್ಬರಿಗೇ ಇರುವ ಕಾಯಿಲೆ ಅಲ್ಲ.

ಕೆಲಸ ಹಂಚುವಾಗಲೇ ಅರ್ಧ ಭಯ ಇಳಿಸಬಹುದು

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಇದನ್ನೇ ಎಲ್ಲರೂ ಎರಡು ನಿಮಿಷದಲ್ಲಿ ವಾಟ್ಸಾಪಿನಲ್ಲಿ ಮುಗಿಸಿಬಿಡುತ್ತಾರೆ. "ಸ್ಲೈಡ್ 1ರಿಂದ 4 ನೀನು, 5ರಿಂದ 8 ನಾನು." ಆಯಿತು.

ಹಾಗೆ ಮಾಡಬೇಡಿ. ಒಂದು ಉದಾಹರಣೆ ನೋಡೋಣ. ನಿಮ್ಮ ಗುಂಪಿನ ವಿಷಯ ಅಡಿಕೆಯ ಕೊಳೆರೋಗ ಅಂತ ಇಟ್ಟುಕೊಳ್ಳಿ. ನಾಲ್ಕು ಜನ, ಹನ್ನೆರಡು ನಿಮಿಷ. ರೋಗ ಹೇಗಿರುತ್ತದೆ ಅಂತ ಒಬ್ಬರು. ಫೈಟಾಫ್ತರಾ ಅನ್ನುವ ರೋಗಾಣು ಮಳೆಗಾಲದ ತೇವ, ತಂಪಿನಲ್ಲಿ ಹೇಗೆ ಹರಡುತ್ತದೆ ಅಂತ ಇನ್ನೊಬ್ಬರು. ರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣ ಮೂರನೆಯವರಿಗೆ. ಕೊನೆಗೆ ಮಳೆ ತಾಗದಂತೆ ಅಡಿಕೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದ ಹಳೆಯ ಪದ್ಧತಿ, ಈಗಿನ ಪ್ಲಾಸ್ಟಿಕ್ ಕವರ್, ಖರ್ಚು ವೆಚ್ಚ ನಾಲ್ಕನೆಯವರಿಗೆ.

ಗುಂಪಿನಲ್ಲಿ ಒಬ್ಬಳಿಗೆ ಮಾತಾಡಲು ಸಿಕ್ಕಾಪಟ್ಟೆ ಹೆದರಿಕೆ. ಆದರೆ ಅವಳ ಮನೆಯಲ್ಲಿ ತೋಟ ಇದೆ. ಮಳೆ ಹಿಡಿಯುವ ಮುಂಚೆ ಅಪ್ಪ ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ಕಲಸುವುದನ್ನು ಚಿಕ್ಕಂದಿನಿಂದ ನೋಡಿದ್ದಾಳೆ. ಹಾಗಾದರೆ ಬೋರ್ಡೋ ಭಾಗ ಅವಳಿಗೇ ಹೋಗಬೇಕು. ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು ಅನ್ನುವುದನ್ನು ಅವಳು ಉರು ಹೊಡೆಯಬೇಕಾಗಿಲ್ಲ. ಎರಡನ್ನೂ ಬೇರೆ ಬೇರೆ ಕರಗಿಸಿಕೊಂಡು ಆಮೇಲೆ ಬೆರೆಸುವುದು ಅವಳಿಗೆ ಗೊತ್ತು. ಬೆರೆಸಿದ ಮೇಲೆ ಹೊಳೆಯುವ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಹಾಕಬೇಕು. ಈ ಚಾಕುವಿನ ಪರೀಕ್ಷೆಯನ್ನು ಅವಳು ಒಂದು ಹಳೇ ಚಾಕು ಹಿಡಿದು ಕ್ಯಾಮೆರಾ ಮುಂದೆ ತೋರಿಸಲಿ. ಕೈಗೆ ಒಂದು ಕೆಲಸ ಸಿಕ್ಕಿದರೆ ನಡುಕ ತಾನಾಗಿಯೇ ಕಡಿಮೆಯಾಗುತ್ತದೆ. ಕ್ಲಾಸು ಆ ಒಂದು ನಿಮಿಷವನ್ನೇ ನೆನಪಿಟ್ಟುಕೊಳ್ಳುತ್ತದೆ.

ನಿಮ್ಮ ವಿಷಯ ಜಿಎಸ್‌ಟಿ ಇರಬಹುದು, ಹಳಗನ್ನಡ ಇರಬಹುದು. ಲೆಕ್ಕ ಒಂದೇ: ಹೆಚ್ಚು ಹೆದರುವವರಿಗೆ ಅವರು ಕಂಡು ಉಂಡ ಭಾಗ ಕೊಡಿ. ಅಪ್ಪನದು ಕಿರಾಣಿ ಅಂಗಡಿ ಅಂದರೆ ಬಿಲ್ಲಿನ ಉದಾಹರಣೆ ಆ ಹುಡುಗನದ್ದೇ.

ಸರದಿ ಹೇಗಿರಬೇಕು? ಹೆದರುವವರನ್ನು ಪಾಪ ಅಂತ ಕೊನೆಗೆ ಹಾಕುವ ರೂಢಿ ಇದೆ. ನನ್ನ ಪ್ರಕಾರ ಅದು ಶಿಕ್ಷೆ. ಬೇರೆಯವರು ಮಾತಾಡುವಷ್ಟು ಹೊತ್ತೂ ಅವರು ಕೂತು ಬೆವರುತ್ತಾರೆ. ಮೊದಲು ಹಾಕಿದರೆ ಸ್ಕ್ರೀನ್ ಕಾಣುತ್ತಿಲ್ಲ, ಧ್ವನಿ ಕೇಳುತ್ತಿಲ್ಲ ಅನ್ನುವ ಗಲಾಟೆಯೆಲ್ಲ ಅವರ ತಲೆಗೇ ಬರುತ್ತದೆ. ಎರಡನೆಯ ಸ್ಥಾನ ಒಳ್ಳೆಯದು. ಆ ಹೊತ್ತಿಗೆ ಗಲಾಟೆ ಮುಗಿದಿರುತ್ತದೆ, ಕಾಯುವುದೂ ಕಡಿಮೆ. ಮೇಲಿನ ಉದಾಹರಣೆಯಲ್ಲಾದರೆ ರೋಗದ ಲಕ್ಷಣ ಹೇಳಿದ ಕೂಡಲೇ "ಇದಕ್ಕೆ ನಮ್ಮ ಮನೆಯಲ್ಲಿ ಏನು ಮಾಡುತ್ತಾರೆ ಅಂದರೆ" ಅಂತ ಬೋರ್ಡೋಗೆ ಬಂದುಬಿಡಬಹುದು. ರೋಗಾಣುವಿನ ವಿಜ್ಞಾನ ಆಮೇಲೆ ಬರಲಿ, ಏನೂ ಕೆಡುವುದಿಲ್ಲ.

ಇನ್ನೊಂದು ಮಾತು. "ನಾನು ಸ್ಲೈಡ್ ಮಾಡಿಕೊಡುತ್ತೇನೆ, ಮಾತಾಡೋದು ನೀವು" ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ಒಮ್ಮೆ ಒಪ್ಪಿಕೊಳ್ಳಿ. ಪ್ರತಿ ಸಲವೂ ಒಪ್ಪಿದರೆ ಅವರ ಭಯಕ್ಕೆ ನೀವೇ ನೀರೆರೆದಂತೆ. ಕಡೇ ಪಕ್ಷ ಒಂದು ಸ್ಲೈಡಾದರೂ ಅವರ ಬಾಯಿಂದ ಬರಲಿ.

ಬಾಯಿಪಾಠ ಬೇಡ, ಓದುವುದೂ ಬೇಡ

ಹೆದರಿಕೆ ಇರುವವರು ಎರಡರಲ್ಲಿ ಒಂದು ಮಾಡುತ್ತಾರೆ. ಪೂರ್ತಿ ಬರೆದು ಬಾಯಿಪಾಠ ಮಾಡುತ್ತಾರೆ, ಇಲ್ಲವೇ ಸ್ಕ್ರೀನ್ ನೋಡಿ ಓದುತ್ತಾರೆ. ಬಾಯಿಪಾಠದಲ್ಲಿ ಒಂದು ಪದ ಜಾರಿದರೆ ಮುಂದಿನದ್ದೆಲ್ಲ ಜಾರುತ್ತದೆ. ಓದಿದರೆ ಧ್ವನಿ ಸಮತಟ್ಟಾಗುತ್ತದೆ, ಕೇಳುವವರಿಗೆ ಎರಡೇ ಸಾಲಿನಲ್ಲಿ ಗೊತ್ತಾಗಿಬಿಡುತ್ತದೆ.

ಇದಕ್ಕೆ ನಮ್ಮಲ್ಲೇ ಒಳ್ಳೆಯ ಮಾದರಿ ಇದೆ: ತಾಳಮದ್ದಳೆ. ಯಕ್ಷಗಾನದ್ದೇ ಇನ್ನೊಂದು ರೂಪ. ವೇಷ ಇಲ್ಲ, ಕುಣಿತ ಇಲ್ಲ, ಎಲ್ಲರೂ ಕೂತೇ ಮಾತಾಡುತ್ತಾರೆ. ಬಯಲಾಟ ನಿಲ್ಲುವ ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ದೇವಸ್ಥಾನಗಳಲ್ಲಿ, ಮನೆಯ ಚಾವಡಿಗಳಲ್ಲಿ ಇದು ನಡೆಯುತ್ತದೆ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಅದಕ್ಕೆ ಅರ್ಥ ಹೇಳುತ್ತಾರೆ. ಅರ್ಥದ ಮಾತು ಬರೆದಿಟ್ಟುಕೊಂಡದ್ದಲ್ಲ, ಅಲ್ಲೇ ಹುಟ್ಟಿದ್ದು. ಆದರೆ ಪ್ರಸಂಗ ಗೊತ್ತು, ಪದ್ಯಗಳ ಕ್ರಮ ಗೊತ್ತು, ಎದುರಿನ ಪಾತ್ರಕ್ಕೆ ಎಲ್ಲಿ ಮಾತು ಬಿಟ್ಟುಕೊಡಬೇಕು ಅನ್ನುವುದೂ ಗೊತ್ತು. ಆನ್‌ಲೈನ್ ಪ್ರೆಸೆಂಟೇಶನ್ನೂ ಕೂತು ಮಾಡುವ ಮಾತೇ ಅಲ್ವಾ? ಅಲ್ಲಿಯ ಪದ್ಯದ ಜಾಗದಲ್ಲಿ ಇಲ್ಲಿ ಸ್ಲೈಡ್ ಇದೆ.

ಹಾಗಾಗಿ ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕಾದ್ದು ಸ್ವಲ್ಪವೇ. ಶುರುವಿನ ಎರಡು ವಾಕ್ಯ ಬೇಕು, ಯಾಕೆಂದರೆ ಭಯ ಶುರುವಿನಲ್ಲೇ ಜಾಸ್ತಿ ಇರುತ್ತದೆ. ಮುಂದಿನವರಿಗೆ ಮಾತು ದಾಟಿಸುವ ಕೊನೆಯ ವಾಕ್ಯ ಬೇಕು. ನಡುವಿನದಕ್ಕೆ ಒಂದು ಚೀಟಿ ಸಾಕು. ಚೀಟಿಯಲ್ಲಿ ಪೂರ್ತಿ ವಾಕ್ಯ ಬರೆದರೆ ಮತ್ತೆ ಓದಲು ಶುರು ಮಾಡುತ್ತೀರಿ, ಪದಗಳನ್ನಷ್ಟೇ ಬರೆಯಿರಿ. ಬೋರ್ಡೋ ಹುಡುಗಿಯ ಚೀಟಿ ಹೀಗಿರಬಹುದು: "ಮಳೆಗೆ ಮುಂಚೆ – 1:1:100 – ಬೇರೆ ಬೇರೆ ಪಾತ್ರೆ – ಚಾಕು – ಎರಡನೇ ಸಲ ಯಾವಾಗ – ದಾಟಿಸು." ಅದನ್ನು ಕ್ಯಾಮೆರಾದ ಪಕ್ಕದಲ್ಲೇ ಅಂಟಿಸಿ. ಎದುರಿಗೆ ಕಾಣುವಂತೆ ಚೀಟಿ ಅಂಟಿಸಿಕೊಳ್ಳುವ ಅನುಕೂಲ ಸ್ಟೇಜಿನಲ್ಲಿ ಇರುವುದಿಲ್ಲ, ಇಲ್ಲಿ ಇದೆ. ಬಳಸಿಕೊಳ್ಳಿ.

ದಾಟಿಸುವ ವಾಕ್ಯದ ಬಗ್ಗೆ ಸ್ವಲ್ಪ ಹೇಳಬೇಕು. "ಅಷ್ಟೇ, ಥ್ಯಾಂಕ್ಯೂ" ಅಂದು ಸುಮ್ಮನಾದರೆ ಮುಂದಿನವರು ಮೈಕ್ ಹುಡುಕುತ್ತಾರೆ, ಎಲ್ಲರೂ ಕಾಯುತ್ತಾರೆ, ಆ ಮೌನದಲ್ಲೇ ಭಯ ಇಮ್ಮಡಿಯಾಗುತ್ತದೆ. ಹೆಸರು ಹಿಡಿದು ಕರೆಯಿರಿ. ಮುಂದಿನ ವಿಷಯವನ್ನೂ ಹೇಳಿಬಿಡಿ: "ಔಷಧಿ ಹೊಡೆಯುವುದು ಇಷ್ಟು. ಆದರೆ ಈ ರೋಗ ಮಳೆಯಲ್ಲೇ ಯಾಕೆ ಬರುತ್ತದೆ? ಅದನ್ನು ನನ್ನ ಗೆಳತಿ ಹೇಳುತ್ತಾಳೆ" ಅಂತ ಅವಳ ಹೆಸರು ಕರೆದರೆ ಅವಳಿಗೆ ಮೈಕ್ ಆನ್ ಮಾಡಿಕೊಳ್ಳಲು ಹೊತ್ತು ಸಿಗುತ್ತದೆ. ಮೊದಲ ವಾಕ್ಯ ಏನು ಹೇಳಲಿ ಅನ್ನುವ ಚಿಂತೆಯೂ ಇರುವುದಿಲ್ಲ, ಪ್ರಶ್ನೆ ಆಗಲೇ ಬಂದಾಗಿದೆ.

ಸಮಯದ ಲೆಕ್ಕದಲ್ಲಿ ಹನ್ನೆರಡು ನಿಮಿಷವನ್ನು ಮೂರು ಮೂರು ಅಂತ ಸರಿಯಾಗಿ ಭಾಗ ಮಾಡಬೇಡಿ. ದಾಟಿಸುವುದಕ್ಕೆ, ಸ್ಕ್ರೀನ್ ಹಂಚುವುದಕ್ಕೆ ಎರಡು ನಿಮಿಷ ತೆಗೆದಿಡಿ. ಒಬ್ಬೊಬ್ಬರದು ಎರಡೂವರೆ ನಿಮಿಷ.

ರಿಹರ್ಸಲ್: ಒಂದು ಸರಿಯಾದದ್ದು, ಒಂದು ಕೆಟ್ಟದ್ದು

ಮೊದಲು ಒಬ್ಬರೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ತಮ್ಮ ಧ್ವನಿ ಯಾರಿಗೂ ಹಿಡಿಸುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎರಡೇ ವಿಷಯ ಗಮನಿಸಿ: ಓಡುತ್ತಿದ್ದೀರಾ, ವಾಕ್ಯದ ಕೊನೆ ನುಂಗುತ್ತಿದ್ದೀರಾ? ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಅದನ್ನು ನುಂಗಿದರೆ "ಹಾಕಬೇಕು" ಅಂದಿರೋ "ಹಾಕಬಾರದು" ಅಂದಿರೋ ತಿಳಿಯದು.

ಆಮೇಲೆ ಇಡೀ ಗುಂಪು ಕ್ಲಾಸ್ ನಡೆಯುವ ಆ್ಯಪ್‌ನಲ್ಲೇ ಸೇರಿ. ಜೂಮ್‌ನ ಉಚಿತ ಮೀಟಿಂಗ್ 40 ನಿಮಿಷಕ್ಕೆ ಮುಗಿಯುತ್ತದೆ. ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ಒಂದು ಗಂಟೆ ಸಿಗುತ್ತದೆ. ಎರಡೂ ಸಾಕು. ಅದೇ ಜಾಗ, ಅದೇ ಫೋನು, ಅದೇ ಇಯರ್‌ಫೋನು ಇರಲಿ. ದಿನದ ಅದೇ ಹೊತ್ತಿಗೇ ಮಾಡಿ. ಬೆಳಗ್ಗೆ ಹತ್ತಕ್ಕೆ ನೆಟ್ ಹೇಗಿರುತ್ತದೆ, ಮನೆಯಲ್ಲಿ ಯಾವ ಸದ್ದು ಇರುತ್ತದೆ ಅನ್ನುವುದು ರಾತ್ರಿ ಒಂಬತ್ತಕ್ಕೆ ಗೊತ್ತಾಗುವುದಿಲ್ಲ.

ಸರಿಯಾದ ರಿಹರ್ಸಲ್ ಆದ ಮೇಲೆ ಒಂದು ಕೆಟ್ಟ ರಿಹರ್ಸಲ್ ಮಾಡಿ. ಮಧ್ಯದಲ್ಲಿ ಒಬ್ಬರು ಹೇಳದೆ ಕೇಳದೆ ಕಾಲ್ ಕಟ್ ಮಾಡಲಿ. ಉಳಿದವರು ನಗದೆ, "ಏನಾಯ್ತು ಮಾರಾಯ್ತಿ" ಅನ್ನದೆ ಮುಂದುವರಿಸಬೇಕು. ಮೊದಲ ಸಲ ಖಂಡಿತ ಗೊಂದಲ ಆಗುತ್ತದೆ, ಆಗಲಿ. ಎರಡನೇ ಸಲಕ್ಕೆ "ಅವರ ಸಂಪರ್ಕ ಕಡಿತ ಆಗಿದೆ ಮೇಡಂ, ಅವರ ಭಾಗ ನಾನು ಮುಂದುವರಿಸುತ್ತೇನೆ" ಅನ್ನುವುದು ಬಾಯಿಗೆ ಬರುತ್ತದೆ. ನೆಟ್ ಹೋಗುವ ಭಯಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ. ಇದು ನಡೆಯಬೇಕಾದರೆ ಪ್ರತಿಯೊಬ್ಬರ ಭಾಗವನ್ನೂ ಇನ್ನೊಬ್ಬರು ತಿಳಿದಿರಬೇಕು. ಜೋಡಿ ಮಾಡಿಕೊಳ್ಳಿ: ಒಂದನೆಯವರಿಗೆ ಮೂರನೆಯವರು, ಎರಡನೆಯವರಿಗೆ ನಾಲ್ಕನೆಯವರು.

ಕರೆಂಟು, ನೆಟ್ಟು, ಮಳೆ

ಸ್ಲೈಡ್ ತೋರಿಸುವವರು ಒಬ್ಬರೇ ಇರಲಿ. ಯಾರ ಮನೆಯ ನೆಟ್ ಗಟ್ಟಿಯೋ ಅವರು. ಶಿವಮೊಗ್ಗ ಪೇಟೆಯಲ್ಲಿ ಫೈಬರ್ ಇರುವವರು ಒಬ್ಬರಾದರೂ ಗುಂಪಿನಲ್ಲಿ ಸಿಗಬಹುದು. ಸ್ಲೈಡಿನ ಪಿಡಿಎಫ್ ನಾಲ್ವರ ಫೋನಿನಲ್ಲೂ ಇರಲಿ. ಟೀಚರ್‌ಗೂ ಮೊದಲೇ ಕಳಿಸಿಬಿಡಿ. ಆಗ ಸ್ಕ್ರೀನ್ ಹೋದರೂ "ಮೇಡಂ, ನೀವು ಪಿಡಿಎಫ್‌ನ ಆರನೇ ಪುಟ ನೋಡಬಹುದು" ಅನ್ನಬಹುದು.

ಸಿಗ್ನಲ್ ಕಡಿಮೆ ಇರುವ ಮನೆಯಾದರೆ ಶುರುವಿನಲ್ಲಿ ಕ್ಯಾಮೆರಾ ಹಾಕಿ ನಮಸ್ಕಾರ ಹೇಳಿ, ಆಮೇಲೆ ಅನುಮತಿ ಕೇಳಿ ಆಫ್ ಮಾಡಿ. ಬರೀ ಧ್ವನಿಗೆ ಬೇಕಾಗುವ ಡೇಟಾ ವಿಡಿಯೋದಕ್ಕಿಂತ ಎಷ್ಟೋ ಪಾಲು ಕಡಿಮೆ. ಚಿತ್ರ ನಿಂತರೂ ನಡೆಯುತ್ತದೆ, ಮಾತು ತುಂಡಾದರೆ ನಡೆಯುವುದಿಲ್ಲ.

ಹಿಂದಿನ ರಾತ್ರಿಯೇ ಫೋನ್, ಲ್ಯಾಪ್‌ಟಾಪ್ ಫುಲ್ ಚಾರ್ಜ್ ಮಾಡಿ. ಮನೆಯ ವೈಫೈ ರೂಟರ್ ಇನ್ವರ್ಟರ್ ಲೈನಿಗೆ ಸೇರಿದೆಯಾ ನೋಡಿ. ಎಷ್ಟೋ ಮನೆಗಳಲ್ಲಿ ಫ್ಯಾನು, ಲೈಟು ಇನ್ವರ್ಟರಿನಲ್ಲಿ ಇರುತ್ತವೆ, ರೂಟರ್ ಮಾತ್ರ ಇರುವುದಿಲ್ಲ. ಇನ್ನೊಂದು ಕಂಪನಿಯ ಸಿಮ್ ಮನೆಯಲ್ಲಿ ಯಾರದಾದರೂ ಇದ್ದರೆ ಹಾಟ್‌ಸ್ಪಾಟ್ ಪಾಸ್‌ವರ್ಡ್ ಮೊದಲೇ ಹಾಕಿಟ್ಟುಕೊಳ್ಳಿ. ಕಟ್ ಆದ ಮೇಲೆ ಅಪ್ಪನ ಫೋನ್ ಹುಡುಕುತ್ತಾ ಮನೆಯೆಲ್ಲ ಓಡಾಡುವ ಪರಿಸ್ಥಿತಿ ಬೇಡ. ಫೋನಿನಲ್ಲಿ ಕ್ಲಾಸ್ ಕೇಳುವವರು "ಡು ನಾಟ್ ಡಿಸ್ಟರ್ಬ್" ಹಾಕುವುದನ್ನು ಮರೆಯಬಾರದು. ನಡುವೆ ಕಾಲ್ ಬಂದರೆ ಧ್ವನಿ ನಿಂತುಹೋಗುತ್ತದೆ. ಸ್ಕ್ರೀನ್ ಹಂಚುವವರಿಗಂತೂ ಇದು ಕಡ್ಡಾಯ. "ತಮ್ಮಾ, ಬರುವಾಗ ಅರ್ಧ ಕೆಜಿ ಈರುಳ್ಳಿ" ಅನ್ನುವ ಅಮ್ಮನ ಮೆಸೇಜು ಇಡೀ ಕ್ಲಾಸಿಗೆ ಕಾಣುತ್ತದೆ.

ಜಾಗ ಆರಿಸುವಾಗ ಮಳೆಯ ಸದ್ದು ನೋಡಿಕೊಳ್ಳಿ. ತಗಡಿನ ಶೀಟಿನ ಕೆಳಗೆ ಕೂತರೆ ದಪ್ಪ ಹನಿ ಶುರುವಾದಾಗ ನಿಮ್ಮ ಮಾತು ನಿಮಗೇ ಕೇಳಿಸುವುದಿಲ್ಲ. ಹಂಚಿನ ಮನೆಯ ಒಳಕೋಣೆ ವಾಸಿ. ಬಟ್ಟೆ, ಹಾಸಿಗೆ ಜಾಸ್ತಿ ಇರುವ ಕೋಣೆಯಲ್ಲಿ ಧ್ವನಿ ಪ್ರತಿಧ್ವನಿಸುವುದಿಲ್ಲ. ಸಿಗ್ನಲ್ ಜಗಲಿಯಲ್ಲಿ ಮಾತ್ರ ಸಿಗುತ್ತದೆ ಅಂತಾದರೆ ಮೈಕ್ ಇರುವ ಇಯರ್‌ಫೋನ್ ಹಾಕಿಕೊಂಡು ಬೆನ್ನನ್ನು ಅಂಗಳದ ಕಡೆ ಮಾಡದೆ ಗೋಡೆ ಕಡೆ ಮಾಡಿ. ಮನೆಯವರಿಗೆ ಹೇಳುವಾಗ "ಸದ್ದು ಮಾಡಬೇಡಿ" ಅಂದರೆ ಸಾಲದು, ಗಂಟೆ ಹೇಳಿ: "ಅಮ್ಮಾ, ಹತ್ತೂವರೆಯಿಂದ ಹನ್ನೊಂದರ ತನಕ ಮಿಕ್ಸಿ ಹಾಕಬೇಡ." ಅರ್ಧ ಗಂಟೆಯಾದರೆ ಎಲ್ಲರೂ ಒಪ್ಪುತ್ತಾರೆ.

ಕೊನೆಯ ಅರ್ಧ ಗಂಟೆ

ಹೊಸದಾಗಿ ಏನೂ ಓದಬೇಡಿ. ಗಟ್ಟಿ ಕಾಫಿಯೂ ಬೇಡ, ಮೊದಲೇ ಓಡುತ್ತಿರುವ ಎದೆಗೆ ಅದು ಇನ್ನಷ್ಟು ಓಟ ಕೊಡುತ್ತದೆ. ಬಿಸಿನೀರು ಅಥವಾ ಮನೆಯ ಕಷಾಯ ಕುಡಿಯಿರಿ, ಒಂದು ಲೋಟ ಪಕ್ಕದಲ್ಲೂ ಇಟ್ಟುಕೊಳ್ಳಿ. ಅಂಗಳದಲ್ಲೋ ಕೋಣೆಯಲ್ಲೋ ಐದು ನಿಮಿಷ ಜೋರಾಗಿ ನಡೆದಾಡಿ. ಮೈ ಓಡಲು ತಯಾರಾಗಿದೆ ಅಂದೆನಲ್ಲ, ಅದಕ್ಕೆ ಸ್ವಲ್ಪ ಓಡಾಟ ಕೊಟ್ಟರೆ ನಡುಕ ಇಳಿಯುತ್ತದೆ.

ಆಮೇಲೆ ಕೂತು ಉಸಿರು. ಒಳಗೆ ತಗೊಳ್ಳುವಾಗ ಮನಸ್ಸಿನಲ್ಲಿ ನಾಲ್ಕು ಎಣಿಸಿ, ಬಿಡುವಾಗ ಆರು. ಬಿಡುವ ಉಸಿರು ಉದ್ದ ಇರುವುದೇ ಮುಖ್ಯ, ಎದೆಬಡಿತ ನಿಧಾನವಾಗುವುದು ಉಸಿರು ಬಿಡುವಾಗ. ಎರಡು ಮೂರು ನಿಮಿಷ ಸಾಕು. ಜೋರಾಗಿ ದೊಡ್ಡ ದೊಡ್ಡ ಉಸಿರು ಎಳೆಯಬೇಡಿ, ತಲೆ ಸುತ್ತುತ್ತದೆ.

"ಶಾಂತವಾಗಿರು, ಶಾಂತವಾಗಿರು" ಅಂತ ನಿಮಗೆ ನೀವೇ ಹೇಳಿಕೊಳ್ಳುವುದರಿಂದ ಅಷ್ಟೇನೂ ಉಪಯೋಗ ಇಲ್ಲ. ಹಾರ್ವರ್ಡ್‌ನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾಷಣಕ್ಕೆ ಮುಂಚೆ ಕೆಲವರಿಂದ "ನಾನು ಶಾಂತವಾಗಿದ್ದೇನೆ" ಅಂತಲೂ, ಇನ್ನು ಕೆಲವರಿಂದ "ನನಗೆ ಉತ್ಸಾಹ ಬಂದಿದೆ" ಅಂತಲೂ ಹೇಳಿಸಿದರು. ಉತ್ಸಾಹ ಅಂದವರೇ ಚೆನ್ನಾಗಿ ಮಾತಾಡಿದರು. ಕಾರಣ ಸರಳ. ಭಯದಲ್ಲೂ ಎದೆ ಹೊಡೆದುಕೊಳ್ಳುತ್ತದೆ, ಉತ್ಸಾಹದಲ್ಲೂ ಹೊಡೆದುಕೊಳ್ಳುತ್ತದೆ. ಹೊಡೆದುಕೊಳ್ಳುವ ಎದೆಯನ್ನು ನಿಲ್ಲಿಸುವುದು ಕಷ್ಟ, ಅದನ್ನು ಉತ್ಸಾಹ ಅಂದುಕೊಳ್ಳುವುದು ಸುಲಭ. ಜಾತ್ರೆಯಲ್ಲಿ ತೊಟ್ಟಿಲು ಹತ್ತುವ ಮುಂಚೆಯೂ ಹೀಗೇ ಆಗುತ್ತದೆ, ಆಗ ಯಾರೂ ವಾಪಸ್ ಓಡುವುದಿಲ್ಲ.

ನಡುಕ ನಿಲ್ಲಿಸುವ ಮಾತ್ರೆ ಅಂತ ಅಣ್ಣನೋ ಸೀನಿಯರೋ ಏನಾದರೂ ಕೊಟ್ಟರೆ ತಗೋಬೇಡಿ. ಅಂಥ ಕೆಲವು ಮಾತ್ರೆಗಳು ಅಸ್ತಮಾ ಇರುವವರಿಗೆ ಅಪಾಯ. ಡಾಕ್ಟರ್ ಹೇಳದೆ ಬೇಡವೇ ಬೇಡ. ಕ್ಲಾಸಿನ ಮಾತಿರಲಿ, ಅಂಗಡಿಯಲ್ಲಿ ಸಾಮಾನು ಕೇಳುವುದಕ್ಕೂ, ಫೋನ್ ಎತ್ತುವುದಕ್ಕೂ ಇದೇ ಭಯ ಆಗುತ್ತಿದ್ದರೆ, ನಿದ್ದೆ ಊಟ ಕೆಡುತ್ತಿದ್ದರೆ ಅದನ್ನು ಬರೀ ನಾಚಿಕೆ ಅಂತ ಬಿಡಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮಾತಾಡುವಾಗ

ನಿಮ್ಮ ಮುಖವನ್ನು ನೀವು ನೋಡುವುದನ್ನು ನಿಲ್ಲಿಸಿ. ವಿಡಿಯೋ ಮೀಟಿಂಗ್ ಯಾಕೆ ಇಷ್ಟು ಸುಸ್ತು ಮಾಡುತ್ತದೆ ಅಂತ ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್ಸನ್ 2021ರಲ್ಲಿ ಬರೆದಾಗ ಕೊಟ್ಟ ನಾಲ್ಕು ಕಾರಣಗಳಲ್ಲಿ ಇದೂ ಒಂದು. ಯಾರ ಜೊತೆ ಮಾತಾಡುವಾಗಲೂ ಎದುರಿಗೆ ಕನ್ನಡಿ ಹಿಡಿದುಕೊಂಡು ನಾವು ಮಾತಾಡುವುದಿಲ್ಲ, ಇಲ್ಲಿ ಮಾತ್ರ ಹಾಗಾಗುತ್ತದೆ. ಜೂಮ್‌ನಲ್ಲಿ ನಿಮ್ಮ ಚಿತ್ರದ ಮೇಲಿನ ಮೂರು ಚುಕ್ಕಿ ಒತ್ತಿ "ಹೈಡ್ ಸೆಲ್ಫ್ ವ್ಯೂ" ಆರಿಸಿ. ಮೀಟ್‌ನಲ್ಲಿ ನಿಮ್ಮ ಚೌಕವನ್ನು ಚಿಕ್ಕದು ಮಾಡಬಹುದು. ಆಗದಿದ್ದರೆ ಅದರ ಮೇಲೆ ಒಂದು ಚೀಟಿ ಅಂಟಿಸಿ. ಬೇರೆಯವರಿಗೆ ನೀವು ಕಾಣುತ್ತಲೇ ಇರುತ್ತೀರಿ.

ಎದುರಿಗೆ ಬರೀ ಕಪ್ಪು ಚೌಕ, ಹೆಸರು. ಯಾರೂ ತಲೆ ಆಡಿಸುವುದಿಲ್ಲ, ಹೂಂ ಅನ್ನುವುದಿಲ್ಲ. "ಯಾರಿಗೂ ಹಿಡಿಸುತ್ತಿಲ್ಲ" ಅಂತ ಅನ್ನಿಸುವುದು ಇಲ್ಲೇ. ಇದಕ್ಕೆ ಗುಂಪನ್ನು ಬಳಸಿಕೊಳ್ಳಿ. ನೀವು ಮಾತಾಡುವಾಗ ಒಬ್ಬ ಗೆಳತಿ ಕ್ಯಾಮೆರಾ ಹಾಕಿಕೊಂಡು ತಲೆ ಆಡಿಸುತ್ತಾ ಕೇಳಲಿ. ಅವಳ ಚೌಕವನ್ನು ಪಿನ್ ಮಾಡಿಕೊಂಡು ಅವಳಿಗೇ ಹೇಳುತ್ತಿದ್ದೀರಿ ಅನ್ನುವಂತೆ ಮಾತಾಡಿ. ಇಡೀ ಕ್ಲಾಸಿಗೆ ಮಾತಾಡುವ ಭಾರ ಇಳಿಯುತ್ತದೆ. ಅವಳ ಸರದಿ ಬಂದಾಗ ನೀವು ಅದನ್ನೇ ಮಾಡಿ.

ಧ್ವನಿ ನಡುಗಿದರೆ? ನಿಮಗೆ ಕೇಳಿಸುವಷ್ಟು ನಡುಕ ಅವರಿಗೆ ಕೇಳಿಸುವುದಿಲ್ಲ. ಸವಿಟ್ಸ್ಕಿ ಮತ್ತು ಗಿಲೊವಿಚ್ ಅನ್ನುವ ಅಮೆರಿಕದ ಮನೋವಿಜ್ಞಾನಿಗಳು 2003ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ಭಾಷಣ ಮಾಡುವವರು ತಮ್ಮ ಭಯ ಎಲ್ಲರಿಗೂ ಕಾಣುತ್ತಿದೆ ಅಂದುಕೊಂಡಿದ್ದರು, ಕೇಳುಗರಿಗೆ ಅಷ್ಟು ಕಂಡಿರಲಿಲ್ಲ. ಈ ಸಂಗತಿಯನ್ನು ಮೊದಲೇ ತಿಳಿಸಿದಾಗ ಅವರ ಭಾಷಣವೂ ಉತ್ತಮವಾಯಿತು. ನಾನು ಅಷ್ಟು ಪ್ರೆಸೆಂಟೇಶನ್ ಕೇಳಿದ್ದೇನೆ, ಇಯರ್‌ಫೋನಿನಲ್ಲಿ ಬರುವ ಸಣ್ಣ ನಡುಕ ಗಮನಕ್ಕೇ ಬರುವುದಿಲ್ಲ. ಗಮನಕ್ಕೆ ಬರುವುದು "ಸಾರಿ, ನನಗೆ ತುಂಬಾ ಟೆನ್ಷನ್ ಆಗ್ತಿದೆ" ಅಂತ ಮೂರು ಸಲ ಹೇಳಿದಾಗ. ಆ ಸಾರಿ ಬಿಟ್ಟುಬಿಡಿ.

ಮಾತು ಮರೆತರೆ ಚೀಟಿ ನೋಡಿ, ಒಂದು ಗುಟುಕು ನೀರು ಕುಡಿಯಿರಿ. ಆನ್‌ಲೈನ್‌ನಲ್ಲಿ ಮೂರು ಸೆಕೆಂಡ್ ಮೌನವಾದರೆ ಜನ ನೆಟ್ ಅಂದುಕೊಳ್ಳುತ್ತಾರೆ. ಅಷ್ಟಾದರೂ ನೆಟ್‌ನಿಂದ ಉಪಕಾರ ಆಗಲಿ! ಆಗಲೂ ನೆನಪಾಗದಿದ್ದರೆ ಹಿಂದಿನ ವಾಕ್ಯವನ್ನೇ ಬೇರೆ ಥರ ಹೇಳಿ, ಇಲ್ಲವೇ ಸ್ಲೈಡಿನ ಚಿತ್ರವನ್ನು ವಿವರಿಸಿ. ಅದೂ ಆಗದಿದ್ದರೆ ಜೋಡಿಯವರಿಗೆ ಮೊದಲೇ ಗೊತ್ತುಮಾಡಿದ ಒಂದು ಮಾತು ಇರಲಿ: "ಇದಕ್ಕೆ ನೀನು ಏನಾದರೂ ಸೇರಿಸುತ್ತೀಯಾ?" ಅಂದರೆ ಸಹಾಯ ಬೇಕು ಅಂತ ಅರ್ಥ. ಕೇಳುವವರಿಗೆ ಅದು ಸಹಜ ಮಾತುಕತೆಯಾಗಿಯೇ ಕಾಣುತ್ತದೆ.

ಮೀಟ್‌ನಲ್ಲಿ ಕೀಬೋರ್ಡಿನ ಕಂಟ್ರೋಲ್ ಮತ್ತು ಡಿ ಒಟ್ಟಿಗೆ ಒತ್ತಿದರೆ ಮೈಕ್ ಆನ್ ಆಫ್ ಆಗುತ್ತದೆ, ಜೂಮ್‌ನಲ್ಲಿ ಆಲ್ಟ್ ಮತ್ತು ಎ. ಬೆರಳು ನಡುಗುವಾಗ ಮೌಸಿನಲ್ಲಿ ಸಣ್ಣ ಗುಂಡಿ ಹುಡುಕುವುದಕ್ಕಿಂತ ಇದು ಸಲೀಸು.

ಪ್ರಶ್ನೆ ಬಂದಾಗ

ಪ್ರಶ್ನೆಗೆ ಹೆದರುವವರು ಒಂದನ್ನು ತಿಳಿದಿರಲಿ. ಬಹುಪಾಲು ಟೀಚರ್ ಕೇಳುವುದು ನೀವು ಸ್ವತಃ ಮಾಡಿದ್ದೀರಾ ಅಂತ ನೋಡಲು. ಹಾಗಾಗಿ ಸ್ಲೈಡಿನಲ್ಲಿ ನಿಮಗೆ ಅರ್ಥವಾಗದ ಒಂದು ಪದವೂ ಇರಬಾರದು. ಎಲ್ಲಿಂದಲೋ ತಂದು ಅಂಟಿಸಿದ ವಾಕ್ಯಕ್ಕೇ ಪ್ರಶ್ನೆ ಬೀಳುತ್ತದೆ, ಅದೇನು ಕಣ್ಣೋ ಟೀಚರ್‌ಗಳದ್ದು.

ಬರಬಹುದಾದ ಪ್ರಶ್ನೆಗಳನ್ನು ನಾಲ್ವರೂ ಸೇರಿ ಬರೆದುಕೊಳ್ಳಿ, ಯಾವುದಕ್ಕೆ ಯಾರು ಉತ್ತರಿಸಬೇಕು ಅಂತ ಹೆಸರು ಹಾಕಿ. ಗುಂಪಿನ ಧೈರ್ಯಸ್ಥರು ಎಲ್ಲ ಪ್ರಶ್ನೆಗೂ ಮುಂದೆ ಬೀಳಬೇಡಿ. ಪ್ರಶ್ನೆ ಬಂದ ಕೂಡಲೇ "ಒಳ್ಳೆಯ ಪ್ರಶ್ನೆ ಸರ್, ನೀವು ಕೇಳಿದ್ದು ಎರಡನೇ ಸಲ ಯಾವಾಗ ಔಷಧಿ ಹೊಡೆಯಬೇಕು ಅಂತ ಅಲ್ವಾ?" ಅಂತ ಒಮ್ಮೆ ತಿರುಗಿ ಹೇಳಿ. ಅಷ್ಟರಲ್ಲಿ ಉತ್ತರ ನೆನಪಾಗುತ್ತದೆ, ಇಲ್ಲವೇ ಗೊತ್ತಿರುವ ಗೆಳೆಯ ಮೈಕ್ ಆನ್ ಮಾಡಿರುತ್ತಾನೆ. ಯಾರಿಗೂ ಗೊತ್ತಿಲ್ಲದಿದ್ದರೆ "ಇದನ್ನು ನಾವು ನೋಡಿಲ್ಲ ಸರ್, ತಿಳಿದುಕೊಂಡು ನಾಳೆ ಗ್ರೂಪಿನಲ್ಲಿ ಹಾಕುತ್ತೇವೆ" ಅನ್ನಿ. ಹಾಕಿಯೂ ಹಾಕಿ. ತಡಬಡಾಯಿಸಿ ಸುಳ್ಳು ಉತ್ತರ ಕೊಡುವುದಕ್ಕಿಂತ ಅದಕ್ಕೆ ಹೆಚ್ಚು ಮರ್ಯಾದೆ ಸಿಗುತ್ತದೆ.

ಮುಗಿದ ಮೇಲೆ

ಎಲ್ಲರೂ ಲೀವ್ ಒತ್ತಿ ಮಾಯವಾಗಬೇಡಿ. ನಾಲ್ವರೂ ಐದು ನಿಮಿಷ ಫೋನಿನಲ್ಲಿ ಸೇರಿ. "ಸೂಪರ್ ಕಣೇ" ಅನ್ನುವುದು ಸಾಲದು, ಏನು ಚೆನ್ನಾಗಿತ್ತು ಅಂತ ಹೇಳಿ: "ಚಾಕು ತೋರಿಸಿದಾಗ ಮೂರು ಜನ ಕ್ಯಾಮೆರಾ ಆನ್ ಮಾಡಿದರು." ಹೆದರುವವರು ಮನೆಗೆ ಒಯ್ಯುವುದು ತಮ್ಮ ತಪ್ಪುಗಳ ಪಟ್ಟಿಯನ್ನು ಮಾತ್ರ, ಅದಕ್ಕೆ ಇದನ್ನೂ ಯಾರಾದರೂ ಸೇರಿಸಬೇಕು. ಮೊದಲ ದಿನ ಬರೆದಿದ್ದ ಭಯದ ಹಾಳೆ ತೆಗೆದು, ಅದರಲ್ಲಿ ನಿಜವಾಗಿ ನಡೆದದ್ದು ಯಾವುದು ಅಂತ ಗುರುತು ಹಾಕಿ. ನಡೆದದ್ದಕ್ಕೆ ಮುಂದಿನ ಸಲದ ಏರ್ಪಾಡು ಅಲ್ಲೇ ಪಕ್ಕದಲ್ಲಿ ಬರೆಯಿರಿ. ಮುಂದಿನ ಪ್ರೆಸೆಂಟೇಶನ್‌ಗೆ ಸರದಿಯನ್ನೂ ಈಗಲೇ ಬದಲಿಸಿಡಿ. ಈ ಸಲ ಎರಡನೆಯವಳಾಗಿ ಮಾತಾಡಿದವಳು ಮುಂದಿನ ಸಲ ಶುರು ಮಾಡಲಿ, ಹೊಸ ಗುಂಪಿನಲ್ಲಿ ಬಾಯಿ ತೆರೆಯದವರು ಯಾರಾದರೂ ಇದ್ದರೆ ಎರಡನೇ ಜಾಗ ಅವರಿಗಿರಲಿ.